ಬಿರುಕು ಗೋಡೆಯಲ್ಲಿ, ಗಂಟು ಅಡ್ವಾನ್ಸಿನಲ್ಲಿ

ಬಾಡಿಗೆ ಮನೆಯ ಛಾವಣಿ ಕಳಚತೊಡಗಿದರೆ ರಿಪೇರಿ ಯಾರದು, ಮನೆ ಬಿಡಬೇಕಾದವರು ಯಾರು, ಕೊನೆಗೆ ಯಾರ ದುಡ್ಡು ಯಾರ ಕೈಯಲ್ಲಿ ಉಳಿಯುತ್ತದೆ?

ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನಡೆಯುವ ಕಥೆ ಹೆಚ್ಚುಕಮ್ಮಿ ಒಂದೇ. ಬಾತ್‌ರೂಮಿನ ಪಕ್ಕದ ಪ್ಯಾಸೇಜಿನಲ್ಲಿ ಮೋಲ್ಡಿನಿಂದ ಅಂಗೈಯಗಲ ಸಿಮೆಂಟು ಕಳಚಿ ಬಿದ್ದಿರುತ್ತದೆ. ಒಳಗಿನ ಕಂಬಿ ಕಂದು ಬಣ್ಣಕ್ಕೆ ತಿರುಗಿರುವುದು ಕೆಳಗಿನಿಂದಲೇ ಕಾಣುತ್ತದೆ. ಬಾಡಿಗೆದಾರರು ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ‘ಮೇಸ್ತ್ರಿಗೆ ಹೇಳ್ತೀನಿ ಸಾರ್, ಹಬ್ಬ ಒಂದು ಮುಗೀಲಿ’ ಎನ್ನುತ್ತಾರೆ ಓನರ್. ಹಬ್ಬ ಮುಗಿದ ಮೇಲೆ ಮೇಸ್ತ್ರಿ ಬಂದು ಒಂದು ಬಾಣಲಿ ಗಾರೆ ಕಲೆಸಿ, ತೂತು ಮೆತ್ತಿ, ಮೇಲೆ ಬಿಳಿ ಪುಟ್ಟಿ ಎಳೆದು ಹೋಗುತ್ತಾನೆ. ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಮೊರದಗಲ ಬೀಳುತ್ತದೆ.

ಆಗ ಮನೆಯೊಳಗೆ ಶುರುವಾಗುವ ಚರ್ಚೆಯಲ್ಲಿ ಕಂಬಿ, ಸಿಮೆಂಟಿನ ಮಾತು ಕಡಿಮೆ. ‘ಖಾಲಿ ಮಾಡ್ತೀವಿ ಅಂದ್ರೆ ಅಡ್ವಾನ್ಸ್ ವಾಪಸ್ ಕೊಡ್ತಾರಾ?’ ಎಂಬುದೇ ಮುಖ್ಯ ಪ್ರಶ್ನೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಇಸಿದುಕೊಳ್ಳುವುದು ಬೆಂಗಳೂರಿನಲ್ಲಿ ದಶಕಗಳ ರೂಢಿ. ಈಚೆಗೆ ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದೆಯಾದರೂ ಇಪ್ಪತ್ತು ಸಾವಿರ ಬಾಡಿಗೆಯ ಮನೆಗೆ ಲಕ್ಷ, ಎರಡು ಲಕ್ಷ ರೂಪಾಯಿ ಓನರ್ ಕೈಯಲ್ಲಿರುವುದು ಸಾಮಾನ್ಯ. ಆ ದುಡ್ಡು ಅವರ ಬಳಿಯೂ ಇರುವುದಿಲ್ಲ. ಮಗಳ ಮದುವೆಗೋ ಮೇಲಿನ ಮಹಡಿಗೋ ಎಂದೋ ಖರ್ಚಾಗಿರುತ್ತದೆ. ಹೋಗುವವರ ಅಡ್ವಾನ್ಸನ್ನು ಬರುವವರ ಅಡ್ವಾನ್ಸಿನಿಂದ ತೀರಿಸುವುದು ನಮ್ಮಲ್ಲಿನ ಪದ್ಧತಿ. ಆದರೆ ಬಿರುಕು ಬಿಟ್ಟ ಮನೆಗೆ ಬರುವವರು ಯಾರು? ಹಾಗಾಗಿ ಒಳಗಿದ್ದವರು ಹೊರಡಲಾರರು, ಓನರ್ ಕಳಿಸಲಾರರು. ಟು-ಲೆಟ್ ಬೋರ್ಡು ತೂಗುಹಾಕುವ ಮುನ್ನ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದರ ಹಿಂದಿನ ಲೆಕ್ಕವೂ ಇದೇ.

ಅಡ್ವಾನ್ಸನ್ನು ನಾವು ಬರೀ ಹಣಕಾಸಿನ ವ್ಯವಹಾರ ಎಂದುಕೊಂಡಿದ್ದೇವೆ. ಶಿಥಿಲವಾದ ಮನೆಯಲ್ಲಿ ಅದು ಜೀವದ ಪ್ರಶ್ನೆ. ಅಪಾಯ ಕಣ್ಣಿಗೆ ಕಂಡ ಮೇಲೂ ಜನ ಒಳಗೇ ಉಳಿಯುವಂತೆ ಮಾಡುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಈ ಗಂಟು.

ಯಾವ ಬಿರುಕಿಗೆ ಹೆದರಬೇಕು?

ಎಲ್ಲ ಬಿರುಕೂ ಅಪಾಯವಲ್ಲ. ಹೊಸ ಗಿಲಾವಿನ ಮೇಲೆ ಜೇಡರ ಬಲೆಯಂತೆ ಕಾಣುವ ಕೂದಲೆಳೆಯ ಗೀರು ಸಿಮೆಂಟು ಒಣಗಿದ ಗುರುತು ಅಷ್ಟೆ. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೇರ ಗೆರೆ ಬಂದಿದ್ದರೆ ಎರಡು ಬೇರೆ ಬೇರೆ ಸಾಮಗ್ರಿ ಬಿಸಿಲು ಚಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತಿವೆ ಎಂದರ್ಥ. ನೋಡಲು ಚೆನ್ನಾಗಿಲ್ಲ, ಕಟ್ಟಡಕ್ಕೆ ತೊಂದರೆಯಿಲ್ಲ.

ಕಿಟಕಿ ಅಥವಾ ಬಾಗಿಲಿನ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ಬೇರೆಯೇ ಸುದ್ದಿ ಹೇಳುತ್ತದೆ. ಪಾಯದ ಒಂದು ಭಾಗ ಕುಸಿಯುತ್ತಿದೆ, ಇನ್ನೊಂದು ಭಾಗ ನಿಂತಿದೆ. ನೆಟ್ಟಗೆ ಹಾಕಿಕೊಳ್ಳುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ನೆಲದ ಮೇಲಿಟ್ಟ ಗೋಲಿ ಒಂದೇ ಕಡೆಗೆ ಉರುಳುವುದು ಇದರ ಜೊತೆಗೆ ಬರುವ ಲಕ್ಷಣಗಳು. ಬೀಮಿನ ಉದ್ದಕ್ಕೆ, ಕಂಬಿಯ ಜಾಡಿನಲ್ಲೇ ಸಾಗುವ ಬಿರುಕಿನಿಂದ ಕಂದು ನೀರು ಒಸರಿದ್ದರೆ ಒಳಗೆ ತುಕ್ಕು ಹಿಡಿದಿದೆ. ಪಿಲ್ಲರಿನ ಮೇಲೆ ಉದ್ದುದ್ದ ಸೀಳು ಮೂಡಿ ಕಾಂಕ್ರೀಟು ಉಬ್ಬಿದ್ದರಂತೂ ಹೊರಬಲ್ಲದ್ದಕ್ಕಿಂತ ಹೆಚ್ಚು ಭಾರ ಅದರ ಮೇಲಿದೆ. ಅಂಥ ಪಿಲ್ಲರ್ ನೋಡಿದ ಮೇಲೆ ಚರ್ಚೆ, ಪತ್ರ, ಮೇಸ್ತ್ರಿ ಎಲ್ಲ ಆಮೇಲೆ. ಮೊದಲು ಮನೆ ಬಿಡಬೇಕು.

ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಬೇಕು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಪ್ಲಾಸ್ಟರ್ ಹಾಕಿ ಅಂಟಿಸುವುದು ಎಂಜಿನಿಯರುಗಳ ಹಳೆ ಉಪಾಯ. ಗೋಡೆ ಕೊಂಚ ಸರಿದರೂ ಗಾಜು ಸೀಳುತ್ತದೆ. ಗೆರೆ ದಾಟಿದ ಬಿರುಕು, ಸೀಳಿದ ಗಾಜು, ತಾರೀಖಿರುವ ಫೋಟೊ ಇಷ್ಟಿದ್ದರೆ ‘ಅದು ಮೊದಲಿಂದ್ಲೂ ಹಾಗೇ ಇತ್ತು’ ಎಂಬ ಮಾತಿಗೆ ಉತ್ತರ ಸಿಕ್ಕಿತು.

ಪುಟ್ಟಿಯ ಹಿಂದಿನ ತುಕ್ಕು

ಮೆತ್ತಿದ ಗಾರೆ ಮತ್ತೆ ಮತ್ತೆ ಯಾಕೆ ಬೀಳುತ್ತದೆ? ಒಳ್ಳೆ ಕಾಂಕ್ರೀಟಿಗೆ ಕ್ಷಾರಗುಣವಿದೆ. ಅದು ಕಂಬಿಗೆ ರಕ್ಷೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಒಳನುಗ್ಗಿ ಆ ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಅದು ಕಂಬಿಯವರೆಗೆ ತಲುಪಿ, ಜೊತೆಗೆ ನೀರಿನ ಪಸೆಯೂ ಇದ್ದರೆ ತುಕ್ಕು ಶುರು. ನೆನೆಹಾಕಿದ ಕಡಲೆಯಂತೆ ತುಕ್ಕು ಉಬ್ಬುತ್ತದೆ, ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕೆಳಗಿನ ಸಿಮೆಂಟು ಸಿಡಿದು ಬೀಳುತ್ತದೆ.

ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಸಾಧಾರಣ ವಾತಾವರಣದಲ್ಲೂ ಕಂಬಿಯ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು. ಸೈಟಿನಲ್ಲಿ ಸೆಂಟ್ರಿಂಗ್ ಹಲಗೆಯ ಮೇಲೆ ಕಂಬಿ ಹಾಸುವಾಗ ಕವರ್ ಬ್ಲಾಕ್ ಬದಲು ಕೈಗೆ ಸಿಕ್ಕ ಜಲ್ಲಿ ಚೂರು ಸಿಕ್ಕಿಸುವುದನ್ನು, ಕಾಂಕ್ರೀಟು ಸುರಿಯುವಾಗ ಆ ಚೂರು ಜಾರಿ ಕಂಬಿ ಹಲಗೆಗೆ ಅಂಟುವುದನ್ನು ಮನೆ ಕಟ್ಟಿಸಿದವರೆಲ್ಲ ನೋಡಿರುತ್ತಾರೆ. ಅಂಥ ಮೋಲ್ಡಿನ ಮೇಲೆ ಸೋರುವ ಬಾತ್‌ರೂಮೋ ನೀರಿನ ಟ್ಯಾಂಕೋ ಬಂದರೆ ಆಯಸ್ಸು ಬೇಗ ತೀರುತ್ತದೆ.

ಸ್ಟ್ರಕ್ಚರಲ್ ಎಂಜಿನಿಯರ್ ಬಂದರೆ ಮೊದಲು ಮಾಡುವ ಕೆಲಸ ಸಣ್ಣ ಸುತ್ತಿಗೆಯಿಂದ ಮೋಲ್ಡನ್ನು ತಟ್ಟುತ್ತಾ ಹೋಗುವುದು. ಗಟ್ಟಿ ಇರುವ ಕಡೆ ಕಣಕಣ ಎನ್ನುವ ಸದ್ದು ಒಳಗೆ ಬಿಟ್ಟುಕೊಂಡಿರುವ ಕಡೆ ಟೊಳ್ಳಾಗುತ್ತದೆ. ಬಿದ್ದದ್ದು ಅಂಗೈಯಗಲವಾದರೂ ಟೊಳ್ಳು ಸದ್ದು ಇಡೀ ಕೋಣೆಗೆ ಹಬ್ಬಿರಬಹುದು. ಆಮೇಲೆ ಒಂದು ಕಡೆ ಒಡೆದು, ತಾಜಾ ಒಡಕಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರ ಉಳಿದಿರುವ ಕಾಂಕ್ರೀಟು ಕ್ಷಣದಲ್ಲಿ ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಕಳೆದುಕೊಂಡ ಭಾಗ ಬೂದು ಬಣ್ಣದಲ್ಲೇ ಉಳಿಯುತ್ತದೆ. ಗುಲಾಬಿ ಗೆರೆ ಕಂಬಿಗಿಂತ ಮೇಲಕ್ಕೆ ಸರಿದಿದ್ದರೆ ಕಂಬಿಗೆ ರಕ್ಷೆ ಇಲ್ಲ ಎಂದು ಲೆಕ್ಕ. ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆಗಳು ಬೇಕಾದರೆ ಆಮೇಲೆ. ಖಾಸಗಿ ಎಂಜಿನಿಯರುಗಳಷ್ಟೇ ಅಲ್ಲ, ಹಲವು ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳೂ ಶುಲ್ಕ ಪಡೆದು ಇವನ್ನು ಮಾಡಿಕೊಡುತ್ತವೆ.

ಸರಿಯಾದ ರಿಪೇರಿಯೆಂದರೆ ಮೊದಲು ಮೋಲ್ಡಿಗೆ ಜಾಕ್ ಕೊಟ್ಟು ನಿಲ್ಲಿಸಬೇಕು, ಸಡಿಲವಾದ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಒಡೆದು ತೆಗೆಯಬೇಕು, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ ರಕ್ಷಕ ಲೇಪ ಬಳಿಯಬೇಕು, ಸವೆದ ಕಂಬಿಗೆ ಹೊಸದನ್ನು ಜೋಡಿಸಬೇಕು, ಆಮೇಲೆ ಪಾಲಿಮರ್ ಗಾರೆ ಅಥವಾ ಮೈಕ್ರೊ ಕಾಂಕ್ರೀಟ್. ಎಲ್ಲಕ್ಕಿಂತ ಮೊದಲು ಮೇಲಿನ ಸೋರಿಕೆ ನಿಲ್ಲಬೇಕು. ಒಂದು ಬಾಣಲಿ ಗಾರೆಯಲ್ಲಿ ಮುಗಿಯುವ ಕೆಲಸ ಇದಲ್ಲ ಎಂಬುದು ಓನರಿಗೂ ಗೊತ್ತಿರುತ್ತದೆ, ಮೇಸ್ತ್ರಿಗೂ ಗೊತ್ತಿರುತ್ತದೆ.

ನೆಲದ ಕಾಟ, ನೆರೆಯ ಕಾಟ

ತಪ್ಪು ಕಟ್ಟಡದ್ದೇ ಆಗಿರಬೇಕೆಂದಿಲ್ಲ. ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಸಾಕಷ್ಟು ಆಳಕ್ಕೆ ಪಾಯ ಹಾಕದ ಮನೆಯ ಗೋಡೆಯೂ ಅದರ ಜೊತೆಗೆ ಕುಣಿಯುತ್ತದೆ. ಬೇಸಿಗೆಯಲ್ಲಿ ಬೆರಳು ತೂರುವಷ್ಟಿದ್ದ ಬಿರುಕು ಮಳೆಗಾಲದಲ್ಲಿ ಮುಚ್ಚಿಕೊಂಡಿತೆಂದು ನೆಮ್ಮದಿಪಟ್ಟರೆ ಮುಂದಿನ ಬೇಸಿಗೆಗೆ ಇನ್ನೂ ಅಗಲವಾಗಿ ಬಾಯಿ ತೆರೆಯುತ್ತದೆ. ಮಣ್ಣಿನ ಮಾಳಿಗೆ ಮನೆಗಳದ್ದು ಇನ್ನೊಂದು ಪಾಡು. ಹಗಲೂ ರಾತ್ರಿ ಜಡಿಮಳೆ ಹಿಡಿದರೆ ನೀರು ಕುಡಿದ ಮೇಲ್ಮಣ್ಣಿನ ಭಾರಕ್ಕೆ ತೊಲೆ ತಡೆಯುವುದಿಲ್ಲ.

ಬೆಂಗಳೂರಿನದ್ದು ಬೇರೆ ಬಗೆ. ಕೆರೆಯಂಗಳ ಮುಚ್ಚಿ ಎಬ್ಬಿಸಿದ ಬಡಾವಣೆಗಳಲ್ಲಿ ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಪಕ್ಕದ ಸೈಟಿನವರು ಬೇಸ್‌ಮೆಂಟಿಗೆಂದು ಜೆಸಿಬಿ ತಂದು ನಮ್ಮ ಪಾಯಕ್ಕಿಂತ ಆಳಕ್ಕೆ, ಯಾವ ಆಸರೆಯೂ ಇಲ್ಲದೆ ಅಗೆದರೆ ನಮ್ಮ ಕೆಳಗಿನ ಮಣ್ಣು ಆ ಗುಂಡಿಯ ಕಡೆಗೆ ಜಾರುತ್ತದೆ. ಇಪ್ಪತ್ತಕ್ಕೆ ಮೂವತ್ತರ ಸೈಟಿನಲ್ಲಿ ಎರಡು ಮಹಡಿಗೆಂದು ಹಾಕಿದ ಪಿಲ್ಲರಿನ ಮೇಲೆ ಮೂರನೆಯದು, ನಾಲ್ಕನೆಯದು, ಅದರ ಮೇಲೊಂದು ಶೀಟಿನ ಮನೆ ಏರಿಸುವುದು ಮತ್ತೊಂದು. ಆ ಹೆಚ್ಚುವರಿ ಮಹಡಿ ಬಾಡಿಗೆಗೆಂದೇ ಕಟ್ಟಿದ್ದು. ಭಾರ ಹೆಚ್ಚಿಸಿದ ಹಣವೂ ಬಾಡಿಗೆಯದೇ, ಅದರ ಕೆಳಗೆ ಮಲಗುವವರೂ ಬಾಡಿಗೆದಾರರೇ.

2021ರ ಸೆಪ್ಟೆಂಬರ್ 27ರಂದು ಲಕ್ಕಸಂದ್ರದಲ್ಲಿ ಮೆಟ್ರೊ ಕಾಮಗಾರಿಯ ಕಾರ್ಮಿಕರು ಬಾಡಿಗೆಗಿದ್ದ ಹಳೆಯ ಕಟ್ಟಡ ನೆಲಕ್ಕುರುಳಿತು. ಹತ್ತು ದಿನ ಕಳೆದು ಅಕ್ಟೋಬರ್ 7ರಂದು ಕಸ್ತೂರಿನಗರದಲ್ಲಿ, ಅಷ್ಟೇನೂ ಹಳೆಯದಲ್ಲದ ವಸತಿ ಕಟ್ಟಡ ಕುಸಿಯಿತು. ಎರಡೂ ಕಡೆ ಒಳಗಿದ್ದವರು ಮೊದಲೇ ಹೊರಬಂದಿದ್ದರು, ಸಾವು ಸಂಭವಿಸಲಿಲ್ಲ. ಅದೇ ತಿಂಗಳು ಬಿನ್ನಿ ಮಿಲ್ ಬಳಿಯ ಪೊಲೀಸ್ ವಸತಿಗೃಹದ ಬಹುಮಹಡಿ ಕಟ್ಟಡ ವಾಲಿದ್ದು ಕಂಡು ಕುಟುಂಬಗಳನ್ನು ಬೇರೆಡೆಗೆ ಕಳಿಸಲಾಯಿತು. ನಿರ್ಮಾಣ ಹಂತದಲ್ಲೇ ಕುಸಿದ ಧಾರವಾಡದ ಕುಮಾರೇಶ್ವರನಗರದ ಕಟ್ಟಡ 2019ರ ಮಾರ್ಚ್‌ನಲ್ಲಿ 19 ಮಂದಿಯನ್ನು, ಬೆಂಗಳೂರಿನ ಬಾಬುಸಾಪಾಳ್ಯದ ಕಟ್ಟಡ 2024ರ ಅಕ್ಟೋಬರ್‌ನಲ್ಲಿ 9 ಮಂದಿಯನ್ನು ಬಲಿ ತೆಗೆದುಕೊಂಡವು. ಜನ ವಾಸವಿದ್ದ ಕಟ್ಟಡ ಬೀಳುವ ಮುನ್ನ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಅದನ್ನು ಕೇಳಿ ಹೊರಡಬಲ್ಲವರು ಬದುಕುತ್ತಾರೆ.

ಕಾನೂನು ಯಾರ ಕಡೆ?

‘ಓನರ್ ರಿಪೇರಿ ಮಾಡಿಸಲೇಬೇಕು, ಕಾನೂನೇ ಇದೆ’ ಎಂದು ಬಹಳ ಮಂದಿ ನಂಬಿದ್ದಾರೆ. ನಮ್ಮ ಬಹುಪಾಲು ಬಾಡಿಗೆಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ನೆರಳಿನಲ್ಲಿವೆ. ಅದರ 108ನೇ ಸೆಕ್ಷನ್ ಓದಿದರೆ ಈ ನಂಬಿಕೆ ಅಲುಗಾಡುತ್ತದೆ. ತಾನು ಮಾಡಿಸಲು ಬದ್ಧನಾಗಿರುವ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಲೀಕ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ ಅದು. ‘ಬದ್ಧನಾಗಿರುವ’ ಎಂಬಲ್ಲೇ ತೊಡಕು. ಆ ಬದ್ಧತೆ ತನ್ನಷ್ಟಕ್ಕೆ ಹುಟ್ಟುವುದಿಲ್ಲ. ಕರಾರಿನಲ್ಲಿ ಬರೆದಿರಬೇಕು. ಇ-ಸ್ಟ್ಯಾಂಪ್ ಕಾಗದದ ಮೇಲೆ ಟೈಪಿಸ್ಟ್ ಅಂಗಡಿಯವರು ಹೊಡೆದುಕೊಡುವ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು, ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹಿಡಿಯಲಾಗುವುದು ಎಂದೆಲ್ಲ ಇರುತ್ತದೆ. ಮೋಲ್ಡ್ ಬಿದ್ದರೆ ಯಾರು ಕಟ್ಟಿಸಬೇಕೆಂಬ ಸಾಲು ಇರುವುದಿಲ್ಲ.

ಅದೇ ಸೆಕ್ಷನ್ ಇನ್ನೊಂದು ದಾರಿ ತೋರಿಸುತ್ತದೆ. ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ತಡೆಯಲಾಗದ ಬೇರಾವುದೋ ಶಕ್ತಿಯಿಂದ ಮನೆಯ ಮುಖ್ಯ ಭಾಗ ನಾಶವಾದರೆ, ಅಥವಾ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ, ಬಾಡಿಗೆದಾರ ಇಚ್ಛಿಸಿದಲ್ಲಿ ಕರಾರು ಅಲ್ಲಿಗೇ ಮುಗಿಯುತ್ತದೆ. ಪ್ರವಾಹದಲ್ಲಿ ಗೋಡೆ ಹೋದರೆ ಇದು ಸಲೀಸು. ಹದಿನೈದು ವರ್ಷ ಒಳಗೊಳಗೇ ತುಕ್ಕು ತಿಂದ ಕಂಬಿಯನ್ನು ‘ತಡೆಯಲಾಗದ ಶಕ್ತಿ’ ಎನ್ನಲು ಬರುವುದಿಲ್ಲ. ಇದಕ್ಕಿಂತ ಉಪಯೋಗಕ್ಕೆ ಬರುವುದು ಅದೇ ಸೆಕ್ಷನ್ನಿನ ಮೊದಲ ಕಲಮು. ಮನೆಯಲ್ಲಿ ತನಗೆ ತಿಳಿದಿರುವ, ಬಾಡಿಗೆದಾರ ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾಲೀಕ ಹೇಳಲೇಬೇಕು. ಪುಟ್ಟಿಯಡಿ ಬಚ್ಚಿಟ್ಟ ತುಕ್ಕು ಸರಿಯಾಗಿ ಇದೇ. ಹಳೆ ಬಾಡಿಗೆದಾರರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ಓನರಿಗೆ ತಿಳಿದಿತ್ತು ಎಂಬುದಕ್ಕೆ ಸಾಕ್ಷಿಯಾಗಬಲ್ಲದು. ಬಾಡಿಗೆದಾರ ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ಸಹಜ ಸವಕಳಿಗೆ ಹೊಣೆಯಲ್ಲ ಎಂದೂ ಅಲ್ಲೇ ಇದೆ. ಸೋರಿ ಸಡಿಲಾದ ಮೋಲ್ಡಿನ ಖರ್ಚನ್ನು ಅಡ್ವಾನ್ಸಿನಲ್ಲಿ ಮುರಿಯುವ ಓನರಿಗೆ ಈ ಮಾತನ್ನು ನೆನಪಿಸಬೇಕು.

ಹಾಗಾದರೆ ಬಾಡಿಗೆ ಕಾಯ್ದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವಂಥದ್ದು, ಮನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಮಾಲೀಕರಿಗೆ ಹೊರಿಸುತ್ತದೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಪಿ.ಜಿ.ಯಲ್ಲಿ ಒಂದು ಮಂಚ ಸಿಕ್ಕರೆ ಪುಣ್ಯ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ತೊಡಕುಗಳಿಗೆಲ್ಲ ನೇರ ಉತ್ತರ ಬರೆದಿಟ್ಟಿದೆ. ವಸತಿಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಬಾಡಿಗೆದಾರ ಹಾಳುಮಾಡಿದ್ದನ್ನು ಬಿಟ್ಟು ಕಟ್ಟಡದ ಮೂಲ ರಚನೆಯ ರಿಪೇರಿ, ಪೈಪು, ವೈರಿಂಗು ಮಾಲೀಕರದು. ನಲ್ಲಿಯ ವಾಷರು, ಸ್ವಿಚ್ಚು, ಬಾಗಿಲ ಚಿಲಕ ಬಾಡಿಗೆದಾರರದು. ಲಿಖಿತವಾಗಿ ಕೇಳಿದರೂ ರಿಪೇರಿಯಾಗದೆ ಮನೆ ವಾಸಕ್ಕೆ ಅಯೋಗ್ಯವಾದರೆ 15 ದಿನದ ನೋಟಿಸ್ ಕೊಟ್ಟು ಹೊರಡಬಹುದು. ಪ್ರಕೃತಿ ವಿಕೋಪದಿಂದ ಮನೆ ಹಾಳಾದರೆ ಸರಿಯಾಗುವವರೆಗೆ ಬಾಡಿಗೆ ಕೇಳುವಂತಿಲ್ಲ. ಆದರೆ ಇದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡಿಕೊಳ್ಳುವವರೆಗೆ ಇಲ್ಲಿನ ಬಾಡಿಗೆದಾರರು ಅದನ್ನು ತೋರಿಸಿ ಹಕ್ಕು ಕೇಳಲಾಗದು.

ಭೋಗ್ಯದ ಬಲೆ

ಅಡ್ವಾನ್ಸ್ ಕೊಟ್ಟವರದ್ದು ಲಕ್ಷದ ಲೆಕ್ಕವಾದರೆ ಭೋಗ್ಯಕ್ಕೆ, ಅಂದರೆ ಬೀದಿಮಾತಿನಲ್ಲಿ ‘ಲೀಸಿಗೆ’ ಇರುವವರದ್ದು ಹತ್ತು ಹದಿನೈದು ಲಕ್ಷದ ಲೆಕ್ಕ. ತಿಂಗಳ ಬಾಡಿಗೆ ಇಲ್ಲ. ಒಟ್ಟು ಹಣ ಓನರಿಗೆ, ಎರಡು ಮೂರು ವರ್ಷ ವಾಸ, ಕೊನೆಗೆ ಹಣ ವಾಪಸ್. ಊರಿನ ಹೊಲ ಮಾರಿದ ದುಡ್ಡು, ಪಿ.ಎಫ್., ಚೀಟಿ ಎತ್ತಿದ ಹಣ ಎಲ್ಲ ಸೇರಿಸಿ ಕೊಟ್ಟವರಿರುತ್ತಾರೆ. ಇಂಥ ಮನೆಯ ಪಿಲ್ಲರ್ ಬಿರಿದರೆ ಬಾಡಿಗೆಯಲ್ಲಿ ಮುರಿದುಕೊಳ್ಳಲು ಬಾಡಿಗೆಯೇ ಇಲ್ಲ. ಮನೆ ಬಿಟ್ಟರೆ ಹಣಕ್ಕೆ ಇದ್ದ ಒಂದೇ ಹಿಡಿತವೂ ಕೈತಪ್ಪುತ್ತದೆ. ಇಂಥ ಸ್ವಾಧೀನ ಸಹಿತ ಅಡಮಾನ ನೋಂದಣಿಯಾಗಿದ್ದರಷ್ಟೇ ಕಾನೂನಿನಲ್ಲಿ ನಿಲ್ಲುತ್ತದೆ. ಸ್ಟ್ಯಾಂಪ್ ಖರ್ಚಿಗೆ ಹೆದರಿ ಬಹಳ ಮಂದಿ ಸಾದಾ ಅಗ್ರಿಮೆಂಟಿನಲ್ಲೇ ಮುಗಿಸಿರುತ್ತಾರೆ. ಭೋಗ್ಯಕ್ಕೆ ಹೋಗುವವರು ಮನೆಯ ವಾಸ್ತು ನೋಡುವ ಮೊದಲು ಪಿಲ್ಲರ್ ನೋಡುವುದು, ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವುದು ಲೇಸು.

ಮಾಲೀಕರ ಸಂಕಟ, ಮೈಸೂರಿನ ಪಾಠ

ಓನರುಗಳೆಲ್ಲ ಖಳರಲ್ಲ. ನಿವೃತ್ತಿಯ ದುಡ್ಡಿನಲ್ಲಿ ಮನೆ ಕಟ್ಟಿ, ಕೆಳಗೆ ತಾವಿದ್ದು ಮೇಲಿನ ಬಾಡಿಗೆಯಲ್ಲಿ ಔಷಧಿ ಕೊಳ್ಳುವ ಹಿರಿಯರು ಇದ್ದಾರೆ. ಮೋಲ್ಡ್ ರಿಪೇರಿಯ ಅಂದಾಜುಪಟ್ಟಿ ಅವರ ವರ್ಷದ ಆದಾಯ ಮೀರುತ್ತದೆ. ಇನ್ನೊಂದು ಕಡೆ, ಹಳೆ ಬಾಡಿಗೆದಾರರನ್ನು ಎಬ್ಬಿಸಲು ಒಳ್ಳೆ ಕಟ್ಟಡಕ್ಕೂ ಶಿಥಿಲ ಎಂಬ ಹಣೆಪಟ್ಟಿ ಹಚ್ಚುವವರೂ ಇದ್ದಾರೆ. ಹಾಗಾಗಿ ‘ಕಟ್ಟಡ ಅಪಾಯದಲ್ಲಿದೆ’ ಎಂದು ಓನರ್ ಹೇಳಿದರೆ ಬಾಡಿಗೆದಾರರಿಗೆ ಅನುಮಾನ, ಬಾಡಿಗೆದಾರರು ಹೇಳಿದರೆ ಓನರಿಗೆ ಅನುಮಾನ.

ಮಾಲೀಕತ್ವ ನಗರಪಾಲಿಕೆಯದೇ ಆದರೂ ಈ ಅನುಮಾನ ತಪ್ಪದು ಎಂಬುದಕ್ಕೆ ಮೈಸೂರು ಸಾಕ್ಷಿ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಸತ್ತರು. ಹಳೆ ಪುಸ್ತಕದಂಗಡಿಗಳಿಗೆ ಹೆಸರಾಗಿದ್ದ ಆ ಸಾಲು ಖಾಲಿಯಾಯಿತು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಬದಿಯ ಭಾಗ ಬಿತ್ತು. ದುರಸ್ತಿ ಮಾಡಿ ಉಳಿಸಬಹುದೆಂದು ಪಾರಂಪರಿಕ ತಜ್ಞರು, ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೆಂದು ಪಾಲಿಕೆ. ನಡುವೆ ಬಾಡಿಗೆ ಮಳಿಗೆಗಳ ಹೂವಿನವರು, ಬಾಳೆಹಣ್ಣಿನವರು, ಕುಂಕುಮದವರು. ಕಟ್ಟಡ ಗಟ್ಟಿಯಿದೆಯೇ ಎಂಬುದಕ್ಕಿಂತ, ಒಮ್ಮೆ ಹೊರಗೆ ಹೋದರೆ ನಮ್ಮ ಮಳಿಗೆ ನಮಗೆ ಮತ್ತೆ ಸಿಗುತ್ತದೆಯೇ ಎಂಬುದೇ ಅವರಿಗೆ ದೊಡ್ಡದು. ಮನೆಯ ಬಾಡಿಗೆದಾರರನ್ನು ಅಡ್ವಾನ್ಸ್ ಹಿಡಿದಿಟ್ಟಂತೆ ಮಳಿಗೆಯವರನ್ನು ಜಾಗ ಹಿಡಿದಿಡುತ್ತದೆ.

ಈ ಭಯಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ ಒಂದಿಷ್ಟು ಸಮಾಧಾನ ಹೇಳಿದೆ. ಮಹಾರಾಷ್ಟ್ರದ ಸಾಂಗ್ಲಿಯ ಪ್ರಕರಣವೊಂದರಲ್ಲಿ, ಶಿಥಿಲವೆಂದು ಸ್ಥಳೀಯ ಆಡಳಿತ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆ ಹಕ್ಕು ಸಾಯುವುದಿಲ್ಲ, ಅದು ಕೆಳಗಿನ ನೆಲದಲ್ಲಿ ಉಳಿದಿರುತ್ತದೆ ಎಂದು ತ್ರಿಸದಸ್ಯ ಪೀಠ ತೀರ್ಪಿತ್ತಿತು. ಹೊರಗೆ ಬಂದರೆ ಎಲ್ಲ ಕಳೆದುಹೋಯಿತು ಎಂದು ಹೆದರಿ ಬೀಳುವ ಛಾವಣಿಯ ಕೆಳಗೆ ಕೂರಬೇಕಿಲ್ಲ.

ಯಾರ ಮಾತನ್ನೂ ನಂಬದ ಜಾಗದಲ್ಲಿ ಮೂರನೆಯವರ ವರದಿ ಬೇಕು. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ತೀರಾ ಅಪಾಯದ ಕಟ್ಟಡ ‘ಸಿ-1’ ಎಂಬ ವರ್ಗಕ್ಕೆ ಸೇರಿತೆಂದರೆ ತೆರವು ಮಾಡಿ ಕೆಡವಬೇಕು. ನಮ್ಮ ಊರುಗಳಲ್ಲಿ ಬಾಡಿಗೆ ಕಟ್ಟಡದ ಆರೋಗ್ಯ ತಪಾಸಣೆ ಈಗಲೂ ಗೋಡೆ ಬಿದ್ದ ಮರುದಿನದ ಸರ್ವೆ.

ಏನು ಮಾಡಬೇಕು, ಯಾವ ಕ್ರಮದಲ್ಲಿ?

ಮೊದಲು ಜೀವ. ಪಿಲ್ಲರ್ ಸೀಳಿದ್ದರೆ, ಬೀಮು ಬಾಗಿದ್ದರೆ, ಗೋಡೆಯೊಳಗಿಂದ ಚಟಚಟ ಸದ್ದು ಬರುತ್ತಿದ್ದರೆ, ಬಿರುಕು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ ಅಂದೇ ಹೊರಡಬೇಕು. ಮೇನ್ ಸ್ವಿಚ್ ಆಫ್ ಮಾಡಿ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಮೇಲಿನ ಕೆಳಗಿನ ಮನೆಯವರನ್ನು ಎಬ್ಬಿಸಿ 112ಕ್ಕೆ ಕರೆ ಮಾಡಬೇಕು. ಬೀಗದ ಕೈ ಮಾತ್ರ ಕೊಟ್ಟುಬಿಡಬೇಡಿ. ಸಾಮಾನು ಒಳಗಿದೆ, ಲೆಕ್ಕ ಬಾಕಿ ಇದೆ ಎಂದು ಬರೆದು ತಿಳಿಸಿ. ಜೀವ ಹೊರಗೆ, ಹಕ್ಕು ಒಳಗೆ.

ಎರಡನೆಯದು ಕಾಗದ. ಫೋನಿನಲ್ಲಿ ಜಗಳವಾಡಿದ್ದಕ್ಕೆ ದಾಖಲೆಯಿಲ್ಲ. ಸ್ಪೀಡ್ ಪೋಸ್ಟಿನಲ್ಲಿ ನಾಲ್ಕು ಸಾಲು ಸಾಕು: ‘ತಮ್ಮ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಹಾಲ್ ಮತ್ತು ಪ್ಯಾಸೇಜಿನ ಮೋಲ್ಡಿನಿಂದ ಕಾಂಕ್ರೀಟು ಕಳಚಿ ಕಂಬಿ ಕಾಣುತ್ತಿದೆ. ಫೋಟೊಗಳನ್ನು ಲಗತ್ತಿಸಿದ್ದೇನೆ. ಹದಿನೈದು ದಿನದೊಳಗೆ ಅರ್ಹ ಎಂಜಿನಿಯರಿಂದ ಪರೀಕ್ಷಿಸಿ ದುರಸ್ತಿ ಮಾಡಿಸಬೇಕು, ಇಲ್ಲವೇ ಅಡ್ವಾನ್ಸ್ ಹಿಂತಿರುಗಿಸಿ ಮನೆ ಬಿಡಲು ಅನುವು ಮಾಡಿಕೊಡಬೇಕೆಂದು ಕೋರುತ್ತೇನೆ.’ ಬೈಗುಳ ಬೇಡ, ಬೆದರಿಕೆ ಬೇಡ. ಅದೇ ಪತ್ರದ ಫೋಟೊ ವಾಟ್ಸ್‌ಆ್ಯಪ್‌ಗೂ ಹೋಗಲಿ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಸಿಟ್ಟಿಗೆದ್ದು ಬಾಡಿಗೆ ನಿಲ್ಲಿಸಿಬಿಡುತ್ತಾರೆ. ರಿಪೇರಿಯ ಹೊಣೆ ಕರಾರಿನಲ್ಲಿ ಇಲ್ಲದಿದ್ದರೆ ಕೋರ್ಟಿನಲ್ಲಿ ಸುಸ್ತಿದಾರರಾಗಿ ನಿಲ್ಲುವವರು ಅವರೇ. ಓನರ್ ಒಪ್ಪಿದರೆ ‘ಮುಂದಿನ ತಿಂಗಳುಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿಯುವುದು’ ಎಂದು ಒಂದು ಸಾಲು ಬರೆಸಿಕೊಳ್ಳುವುದು ಇಬ್ಬರಿಗೂ ಮರ್ಯಾದೆಯ ದಾರಿ. ಕೈಯಲ್ಲಿ ದುಡ್ಡಿಲ್ಲದ ಓನರಿಗೂ ಅದು ಅನುಕೂಲ.

ಮೂರನೆಯದು ಆಡಳಿತ. ಅಪಾಯದ ಕಟ್ಟಡವನ್ನು ಭದ್ರಪಡಿಸಲು, ತೆರವು ಮಾಡಿಸಲು, ಕೆಡವಲು ಆದೇಶಿಸುವ ಅಧಿಕಾರ ನಗರಪಾಲಿಕೆಗಳಿಗಿದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಿವೆ. ದೂರು ಕೊಡುವ ಮೊದಲು ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ನೋಡಿಕೊಳ್ಳಿ. ಊರು ಯಾವುದಾದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ. ಬಿದ್ದು ಅಕ್ಕಪಕ್ಕದವರಿಗೆ, ದಾರಿಹೋಕರಿಗೆ ಅಪಾಯ ಮಾಡಬಲ್ಲ ಕಟ್ಟಡವನ್ನು ದುರಸ್ತಿ ಮಾಡಿಸಲು, ಆಸರೆ ಕೊಡಿಸಲು, ತೆಗೆಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅದು ಹಿಂದೆ ಸಿ.ಆರ್.ಪಿ.ಸಿ.ಯ 133ನೇ ಸೆಕ್ಷನ್ ಆಗಿತ್ತು.

ನಾಲ್ಕನೆಯದು ಹಣ. ಅಡ್ವಾನ್ಸ್ ಕೊಡದೆ ಸತಾಯಿಸಿದರೆ ನೇರವಾಗಿ ಕೋರ್ಟಿಗೆ ಓಡುವ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ದಾವೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆ ಅಲ್ಲಿದೆ. ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವೂ ಸಿಗುತ್ತದೆ. ಇನ್ನು ವಿಮೆ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಒಂದೇ ಮಾದರಿಯಲ್ಲಿ ಕೊಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ಬಾಡಿಗೆದಾರರು ಮನೆಯ ಸಾಮಾನಿಗಷ್ಟೇ ಮಾಡಿಸಬಹುದು. ಪ್ರವಾಹ, ಬೆಂಕಿ, ಭೂಕುಸಿತಕ್ಕೆ ಅದು ಆಗುತ್ತದೆ. ಸಾಮಾನ್ಯ ಬಿರುಕು, ಕಳಪೆ ಕಾಮಗಾರಿ, ನಿಧಾನದ ಸವಕಳಿಗೆ ಆಗದು.

ಅಗ್ರಿಮೆಂಟಿಗೆ ಮೂರು ಸಾಲು

ಎರಡು ತಿಂಗಳ ಅಡ್ವಾನ್ಸ್ ಮಿತಿ, ಅದನ್ನು ವಾರಗಳಲ್ಲಿ ವಾಪಸ್ ಕೊಡಿಸಬಲ್ಲ ಬಾಡಿಗೆ ಪ್ರಾಧಿಕಾರ ಇವನ್ನು ಬಾಡಿಗೆದಾರರ ಜೇಬಿನ ಅನುಕೂಲ ಎಂದಷ್ಟೇ ನೋಡುವುದು ಸಣ್ಣ ಲೆಕ್ಕ. ನಲವತ್ತು ಸಾವಿರ ಕಟ್ಟಿದವರು ಬಿರುಕು ಕಂಡ ವಾರವೇ ಹೊರಡುತ್ತಾರೆ. ಎರಡು ಲಕ್ಷ ಕಟ್ಟಿದವರು ಹಬ್ಬ ಮುಗಿಯಲಿ, ಮಗುವಿನ ಪರೀಕ್ಷೆ ಮುಗಿಯಲಿ, ಹೊಸ ಬಾಡಿಗೆದಾರರು ಸಿಗಲಿ ಎಂದು ಕಾಯುತ್ತಾರೆ. ಬಾಡಿಗೆದಾರರು ಸುಲಭವಾಗಿ ಎದ್ದುಹೋಗಬಲ್ಲರು ಎಂದಾದರೆ ಓನರ್ ಕೂಡ ಮೋಲ್ಡಿನ ಕಡೆ ತಲೆಯೆತ್ತಿ ನೋಡುತ್ತಾರೆ. ಕಟ್ಟಡ ಸುರಕ್ಷತೆಯ ಕಾನೂನೂ ಬಾಡಿಗೆಯ ಕಾನೂನೂ ಸೇರುವುದು ಇಲ್ಲಿಯೇ. ರಾಜ್ಯ ಸರ್ಕಾರ ಮಾದರಿ ಕಾಯ್ದೆಯ ಎಲ್ಲವನ್ನೂ ಒಪ್ಪದಿದ್ದರೂ ಈ ಎರಡು ಅಂಶಗಳನ್ನು ತುರ್ತಾಗಿ ತರಬೇಕು.

ಅದು ಬರುವ ತನಕ ಕಾಯಬೇಕಿಲ್ಲ. ಮುಂದಿನ ಬಾರಿ ಅಗ್ರಿಮೆಂಟು ಟೈಪ್ ಮಾಡಿಸುವಾಗ ಮೂರು ಸಾಲು ಸೇರಿಸಿ ಎಂದು ಕೇಳಿ. ಒಂದು: ಪಾಯ, ಪಿಲ್ಲರ್, ಬೀಮು, ಮೋಲ್ಡ್ ಮತ್ತು ಸೋರಿಕೆಯ ದುರಸ್ತಿ ಮಾಲೀಕರ ಹೊಣೆ. ಎರಡು: ನೋಟಿಸ್ ಕೊಟ್ಟ ಹದಿನೈದು ದಿನದಲ್ಲಿ ಕೆಲಸ ಶುರುವಾಗದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮೂರು: ಅರ್ಹ ಎಂಜಿನಿಯರ್ ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ಬರೆದುಕೊಟ್ಟರೆ ಅಂದಿನಿಂದ ಬಾಡಿಗೆ ನಿಲ್ಲುತ್ತದೆ, ಮೂವತ್ತು ದಿನದಲ್ಲಿ ಪೂರ್ತಿ ಅಡ್ವಾನ್ಸ್ ವಾಪಸ್. 1882ರ ಕಾಯ್ದೆ ಬಾಡಿಗೆದಾರರಿಗೆ ಕೊಡದೆ ಬಿಟ್ಟದ್ದನ್ನು ಈ ಮೂರು ಸಾಲು ಕೊಡುತ್ತವೆ, ಹೆಚ್ಚುವರಿ ಸ್ಟ್ಯಾಂಪ್ ಖರ್ಚಿಲ್ಲದೆ. ಸಹಿ ಹಾಕಲು ಓನರ್ ಹಿಂಜರಿದರೆ ಹೊಸ ಬಣ್ಣ ಬಳಿದ ಆ ಮೋಲ್ಡನ್ನು ಒಮ್ಮೆ ಸುತ್ತಿಗೆಯಿಂದ ತಟ್ಟಿ ನೋಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.